ದೀಪದ ಕಂಬದ ಕೆಳಗಿನ ಮುಖ

ಮಳವಳ್ಳಿ
೧೨-೯-೧೯೭೬

ಪ್ರೀತಿಯ ಸರ್ವರ್,

ನಿನಗೆ ಬರೆಯುವಾಗಲೆಲ್ಲ ಮೊದಲ ಸಾಲಿನಲ್ಲೇ ತಂಗಿ ಎಂದು ಕರೆದು ಆಶೀರ್ವಾದ ಹೇಳುತ್ತಿದ್ದೆ. ಇವತ್ತು ಆ ಮಾತಿಗೆ ಕೈ ಏಳಲಿಲ್ಲ. ನಾಲ್ಕು ವರ್ಷದ ಮೇಲೆ ನಿನ್ನ ಕಾರ್ಡು ಬಂತು. ಅದರಲ್ಲಿ ಕ್ಷೇಮ ಸಮಾಚಾರ ಇಲ್ಲ, ಪಂಕಜಕ್ಕ ಎಂಬ ಕರೆಯೂ ಇಲ್ಲ. ಮಂಡ್ಯದ ಹೊಲಿಗೆ ತರಬೇತಿ ಕೇಂದ್ರಕ್ಕೆ ಮೆಕ್ಯಾನಿಕ್ ಬೇಕಾಗಿದೆ, ನಿಮ್ಮಣ್ಣ ನಜೀರ್ ಅಹ್ಮದ್ ಅರ್ಜಿ ಹಾಕಿದ್ದಾರೆ, ಹಿಂದೆ ಕೆಲಸ ಮಾಡಿದ ಕಡೆಯಿಂದ ನಡತೆ ಪತ್ರ ತರಬೇಕಂತೆ, ಇಪ್ಪತ್ತನೇ ತಾರೀಖು ಕಡೆಯ ದಿನ. ಕೊನೆಯಲ್ಲಿ, ಮುಖ ನೋಡಲಿಲ್ಲ ಎಂದು ಒಂದು ಸಾಲು ಬರೆದುಕೊಡಿ, ಸಾಕು ಎಂದಿದ್ದೀಯ.

ಆ ಸಾಲನ್ನು ಬರೆದಿದ್ದೇನೆ. ಈ ಲಕೋಟೆಯಲ್ಲೇ ಇದೆ. ಮೊದಲು ಅದನ್ನು ತೆಗೆದು ನಿಮ್ಮಣ್ಣನ ಕೈಗೆ ಕೊಡು, ಆಮೇಲೆ ಮನಸ್ಸಿದ್ದರೆ ಇದನ್ನು ಓದು. ಮನಸ್ಸಿಲ್ಲದಿದ್ದರೆ ಒಲೆಗೆ ಹಾಕು, ನನ್ನದೇನೂ ಆಕ್ಷೇಪಣೆ ಇಲ್ಲ.

ನನ್ನ ಜ್ಞಾಪಕಶಕ್ತಿಯ ಜಂಬ ನಿನಗೆ ಗೊತ್ತಲ್ಲ. ಯಾರ ಮಗು ಯಾವ ನಕ್ಷತ್ರದಲ್ಲಿ ಹುಟ್ಟಿತು, ಯಾರ ಮದುವೆಯಲ್ಲಿ ಯಾರು ಯಾವ ಸೀರೆ ಉಟ್ಟಿದ್ದರು ಎಂದು ನಮ್ಮ ಬೀದಿಯವರೆಲ್ಲ ನನ್ನನ್ನೇ ಕೇಳುತ್ತಿದ್ದರು. ಮಹಿಳಾ ಸಮಾಜದ ಕಾರ್ಯದರ್ಶಿ ಮಾಡಿದ್ದೂ ಅದಕ್ಕೇ. ನಡಾವಳಿ ಪುಸ್ತಕ ಕಳೆದರೂ ಪಂಕಜ ಇದ್ದಾಳಲ್ಲ ಎಂದು ಅಧ್ಯಕ್ಷೆ ಗೋದಮ್ಮನವರು ನಾಲ್ಕು ಜನರ ಮುಂದೆ ಹೇಳುತ್ತಿದ್ದರು. ಕೇಳಿ ಕೇಳಿ ನಾನೂ ನಂಬಿಬಿಟ್ಟೆ.

ಆವತ್ತು ಶ್ರಾವಣದ ಎರಡನೇ ಶನಿವಾರ. ದೊಡ್ಡ ರಂಗೋಲಿ ಹಾಕಬೇಕೆಂದು ಇನ್ನೂ ಮಬ್ಬು ಇದ್ದಾಗಲೇ ಬಾಗಿಲಿಗೆ ನೀರು ಹಾಕಿ ಚುಕ್ಕಿ ಇಡುತ್ತಿದ್ದೆ. ಬೀದಿಯ ತುದಿಯಲ್ಲಿ ಯಾರೋ ಹೋದ ಹಾಗಾಯಿತು. ತಲೆ ಎತ್ತಿದೆ. ಒಂದು ಬೆನ್ನು, ಹೆಗಲ ಮೇಲೆ ಏನೋ ಭಾರ, ಅದರ ಮೇಲೆ ಕಂಬಳಿ. ಅಷ್ಟೆ. ಚುಕ್ಕಿಯ ಲೆಕ್ಕ ತಪ್ಪುತ್ತದೆಂದು ಮತ್ತೆ ತಲೆ ಬಗ್ಗಿಸಿದೆ. ಸರ್ವರ್, ನಾನು ನಿಜವಾಗಿ ನೋಡಿದ್ದು ಇಷ್ಟೇ.

ಬೆಳಕಾದ ಮೇಲೆ ಸಮಾಜದ ಕಸ ಗುಡಿಸುವ ಸೋಮಮ್ಮ ಓಡಿ ಬಂದಳು. 'ಅಯ್ಯೋ, ಬೀಗ ಮುರ್ದವ್ರೆ ಕಣ್ರವ್ವ, ಒಸಾ ಮಿಸೀನು ಇಲ್ಲ!' ಎಂದು ಬಾಗಿಲಲ್ಲೇ ಕೂತುಬಿಟ್ಟಳು. ನೀನು ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದ ಹೊಸ ಯಂತ್ರದ ಮೇಲ್ಭಾಗವನ್ನು ಹಲಗೆಯಿಂದ ಬಿಚ್ಚಿ ಒಯ್ದಿದ್ದರು. ಸ್ಕ್ರೂ ಒಂದೂ ಮುರಿದಿರಲಿಲ್ಲ. ಹಾಗೆ ಬಿಚ್ಚಲು ಬರುವವರು ಊರಲ್ಲಿ ಎಷ್ಟು ಜನ ಎಂದು ಗೋದಮ್ಮನವರು ಕೇಳಿದರು. ಸಮಾಜದ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ನಿಮ್ಮಣ್ಣ ಹಿಂದಿನ ವಾರವಷ್ಟೇ ಬಂದು ಅದಕ್ಕೆ ಎಣ್ಣೆ ಬಿಟ್ಟು ಹೋಗಿದ್ದರು.

ನಮ್ಮ ಯಜಮಾನರಿಗೆ ನಾನು ಮೊದಲು ಹೇಳಿದ್ದು ಯಾರೋ ಹೋದ ಹಾಗಾಯಿತು ಎಂದು. ಗೋದಮ್ಮನವರಿಗೆ ಹೇಳುವಾಗ ಆ ಯಾರೋ ಎತ್ತರದ ಆಳಾದ. ಸಮಾಜದ ಜಗಲಿಯಲ್ಲಿ ಎಲ್ಲರೂ ಸೇರಿದ ಮೇಲೆ ಯಾರೋ ಕೇಳಿದರು, ನಜೀರ್ ಸಾಬರ ಹಾಗಿದ್ದನೇ ಎಂದು. ಹೌದು, ಹಾಗೇ ಇದ್ದ ಎಂದೆ. ಮಧ್ಯಾಹ್ನ ಪೊಲೀಸಿನವರು ಬರುವ ಹೊತ್ತಿಗೆ ನನ್ನ ಕಣ್ಣ ಮುಂದೆ ಪೂರ್ತಿ ಚಿತ್ರ ಇತ್ತು. ಆತ ದೀಪದ ಕಂಬದ ಕೆಳಗೆ ಹೊರೆ ಇಳಿಸಿದ, ಎಡ ಮೊಳಕೈಯಿಂದ ಹಣೆ ಒರೆಸಿಕೊಂಡ, ಹಿಂತಿರುಗಿ ನೋಡಿದ, ಬೆಳಕು ಮುಖದ ಮೇಲೆ ಬಿತ್ತು, ಅದು ನಜೀರ್ ಅಹ್ಮದರ ಮುಖ. ಹೇಳುವಾಗ ನನ್ನ ನಾಲಿಗೆ ಒಂದು ಸಲವೂ ತೊದಲಲಿಲ್ಲ. ನೀನು ಅಲ್ಲೇ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದೆ. 'ಅಕ್ಕಾ, ಸರಿಯಾಗಿ ನೆಪ್ಪು ಮಾಡ್ಕೊಳಿ' ಎಂದು ಎರಡು ಸಲ ಕೇಳಿದೆ. ನನಗೆ ಸಿಟ್ಟು ಬಂತು. ನನ್ನ ನೆನಪನ್ನೇ ಅನುಮಾನಿಸುತ್ತಾಳಲ್ಲ ಎಂದು.

ಮನೆ ಶೋಧಿಸಿದರು, ಏನೂ ಸಿಗಲಿಲ್ಲ, ಸೋಮವಾರ ಸಂಜೆ ಬಿಟ್ಟು ಕಳಿಸಿದರು. ಕೇಸೂ ಆಗಲಿಲ್ಲ. ಆದರೆ ನಮ್ಮೂರಲ್ಲಿ ಅವರ ಕೈಗೆ ಆಮೇಲೆ ಯಾರೂ ಒಂದು ಯಂತ್ರ ಕೊಡಲಿಲ್ಲ. ನಿನ್ನನ್ನೂ ಪಾಠಕ್ಕೆ ಬರಬೇಡ ಎಂದರು. ದಸರೆಗೆ ಮುಂಚೆ ನೀವಿಬ್ಬರೂ ಪಾತ್ರೆ ಪಡಗ ಕಟ್ಟಿಕೊಂಡು ಮಂಡ್ಯದ ಬಸ್ಸು ಹತ್ತಿದಿರಿ. ನಾನು ಕಿಟಕಿಯಿಂದ ನೋಡಿದೆ, ಹೊರಗೆ ಬರಲಿಲ್ಲ.

ಈಗ ಸಿನಿಮಾ ವಿಷಯ. ಕಳ್ಳತನಕ್ಕೆ ಒಂದು ವಾರ ಮೊದಲು ನಾವಿಬ್ಬರೂ ಟೆಂಟಿಗೆ ಹೋಗಿದ್ದು ನೆನಪಿದೆಯಾ? ಟೆಂಟಿನ ಜನರೇಟರ್ ನೋಡಿಕೊಳ್ಳುತ್ತಿದ್ದವರು ನಿಮ್ಮಣ್ಣನೇ. ಹೆಂಗಸರ ಕಡೆ ಒರಗುವ ಬೆಂಚು ಹಿಡಿದಿಟ್ಟಿದ್ದರು. ನಾಯಕನ ತಲೆಗೆ ಏಟು ಬಿದ್ದು ಹೆಂಡತಿಯನ್ನೇ ಮರೆತಾಗ, ಇನ್ನೊಂದು ಏಟು ಬೀಳಲಿ, ಸರಿಹೋಗುತ್ತಾನೆ ಎಂದು ನೀನು ಅಂದೆ, ನಾವು ಸೆರಗು ಬಾಯಿಗಿಟ್ಟುಕೊಂಡು ನಕ್ಕೆವು. ಇಂಟರ್ವಲ್ಲಿನಲ್ಲಿ ನೀನು ತಲೆನೋವೆಂದು ಎದ್ದು ಹೋದೆ. ನಾನು ಪೂರ್ತಿ ನೋಡಿ ಬಂದೆ. ಮರುದಿನ ಕೇಳಿದ್ದರೆ ಕಥೆ ಹೇಳುತ್ತಿದ್ದೆನೋ ಏನೋ, ನೀನು ಕೇಳಲಿಲ್ಲ.

ಹೋದ ತಿಂಗಳು ಮದ್ದೂರಿಗೆ ತಂಗಿ ಪದ್ಮಮ್ಮನ ಮನೆಗೆ ಹೋಗಿದ್ದೆ. ಅಲ್ಲಿಯ ಟೆಂಟಿಗೆ ಅದೇ ಸಿನಿಮಾ ಮತ್ತೆ ಬಂದಿತ್ತು. ಪದ್ಮ ಬಲವಂತ ಮಾಡಿ ಕರೆದುಕೊಂಡು ಹೋದಳು. ರೀಲು ಹಳತಾಗಿ ಪರದೆಯ ತುಂಬ ಗೀರು. ಇಂಟರ್ವಲ್ ಆದ ಮೇಲೆ ನಾಯಕಿ ಕೋರ್ಟಿನ ಕಟಕಟೆಯಲ್ಲಿ ನಿಂತು ಆಕಾಶ ನೋಡುತ್ತಾಳೆ, ಪರದೆಯ ಮೇಲೆ ಸುರುಳಿ ಸುರುಳಿ ಸುತ್ತುತ್ತದೆ, ವೀಣೆ ಬಾರಿಸುತ್ತಾರೆ, ನಡೆದದ್ದೆಲ್ಲ ಮತ್ತೆ ನಡೆಯುತ್ತದೆ. ಒಬ್ಬ ಕಳ್ಳ ದೀಪದ ಕಂಬದ ಕೆಳಗೆ ಪೆಟ್ಟಿಗೆ ಇಳಿಸಿದ. ಎಡ ಮೊಳಕೈಯಿಂದ ಹಣೆ ಒರೆಸಿಕೊಂಡ. ಹಿಂತಿರುಗಿ ನೋಡಿದ. ಬೆಳಕು ಮುಖದ ಮೇಲೆ ಬಿತ್ತು. ಆ ಮುಖವೊಂದು ಬೇರೆ, ಮಿಕ್ಕದ್ದೆಲ್ಲ ಪೊಲೀಸಿನವರಿಗೆ ನಾನು ಕೊಟ್ಟ ಹೇಳಿಕೆ. ಬೆಂಚಿನ ಮೇಲೆ ಕೂತಿದ್ದವಳು ಪದ್ಮನ ಕೈ ಹಿಡಿದುಕೊಂಡೆ. ಅವಳು ಸೋಡಾ ತರಿಸಿಕೊಟ್ಟಳು.

ಊರಿಗೆ ಬಂದು ಸಮಾಜದ ಹಳೆಯ ಕಡತ ತೆಗೆದೆ. ನಾನೇ ಬರೆದ ಒಂದು ಅರ್ಜಿಯ ನಕಲು ಸಿಕ್ಕಿತು. ಕಳ್ಳತನಕ್ಕೆ ಒಂದು ತಿಂಗಳು ಮೊದಲಿನದು. ನಮ್ಮ ಬೀದಿಯ ತುದಿಯ ದೀಪದ ಬಲ್ಬು ಗಾಳಿಮಳೆಗೆ ಒಡೆದಿದೆ, ದಯಮಾಡಿ ಹೊಸದು ಹಾಕಿಸಿ ಎಂದು. ಹೊಸ ಬಲ್ಬು ಬಂದದ್ದು ದಸರೆಯಲ್ಲಿ, ಅದೂ ಅದೇ ಹಾಳೆಯ ಅಂಚಿನಲ್ಲಿ ನನ್ನ ಅಕ್ಷರದಲ್ಲೇ ಇದೆ. ಉರಿಯದ ದೀಪದ ಬೆಳಕಿನಲ್ಲಿ ನಾನು ನಿಮ್ಮಣ್ಣನ ಮುಖ ನೋಡಿದೆ, ಸರ್ವರ್. ಎಲ್ಲ ನೆನಪಿರುವ ಪಂಕಜಮ್ಮನಿಗೆ ಇದೊಂದು ನೆನಪಿರಲಿಲ್ಲ.

ಆವತ್ತಿನಿಂದ ಇದನ್ನೇ ಯೋಚಿಸುತ್ತಿದ್ದೇನೆ. ಸಿನಿಮಾದಲ್ಲಿ ನೆನಪೆಂದರೆ ಪೆಟ್ಟಿಗೆಯಲ್ಲಿಟ್ಟ ರೀಲು. ತೆಗೆದು ಓಡಿಸಿದರೆ ಇದ್ದದ್ದು ಇದ್ದ ಹಾಗೆ ಬರುತ್ತದೆ, ಜಡ್ಜು ನಂಬುತ್ತಾನೆ, ನಾವೂ ನಂಬುತ್ತೇವೆ. ನಮ್ಮ ತಲೆಯಲ್ಲಿ ಹಾಗಿಲ್ಲ. ನನ್ನ ಹತ್ತಿರ ಇದ್ದದ್ದು ಮೂರೋ ನಾಲ್ಕೋ ಚುಕ್ಕಿ. ಗೆರೆ ಎಳೆದದ್ದು ನಾನು, ಯಾರು ಏನು ಕೇಳಿದರೋ ಆ ಕಡೆಗೆಲ್ಲ ಎಳೆದೆ. ಪ್ರತಿ ಸಲ ಹೇಳಿದಾಗಲೂ ಗೆರೆ ದಪ್ಪವಾಯಿತು. ಇನ್ನೊಂದು ವಿಚಿತ್ರ ನೋಡು. ಆ ನಾಯಕಿ ನೆನೆಸಿಕೊಳ್ಳುವಾಗ ಪರದೆಯ ಮೇಲೆ ಅವಳೂ ಇರುತ್ತಾಳೆ, ಕಿಟಕಿಯಲ್ಲಿ ನಿಂತಿರುತ್ತಾಳೆ. ತನ್ನನ್ನು ತಾನು ಹೊರಗಿನಿಂದ ಹೇಗೆ ನೋಡಿದಳು? ನನ್ನ ಆ ಬೆಳಗಿನ ನೆನಪಿನಲ್ಲೂ ಬಾಗಿಲ ಮುಂದೆ ಬಗ್ಗಿ ರಂಗೋಲಿ ಹಾಕುತ್ತಿರುವ ಪಂಕಜಮ್ಮ ಕಾಣುತ್ತಾಳೆ, ಅವಳ ಬೆನ್ನು ಕಾಣುತ್ತದೆ. ಎದುರು ಮನೆಯ ಜಗಲಿಯಿಂದ ನೋಡಿದ ಹಾಗೆ. ನಾಲ್ಕು ವರ್ಷ ಇದು ನನಗೆ ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಗುತ್ತದೆ.

ನಾನು ಬೇಕೆಂದು ಸುಳ್ಳು ಹೇಳಲಿಲ್ಲ, ಅದನ್ನು ಮಾತ್ರ ನಂಬು. ನನ್ನ ಮನಸ್ಸೇ ನನಗೆ ಮೋಸ ಮಾಡಿತು. ಆಮೇಲೆ ನಿಮ್ಮಣ್ಣ ಒಂದು ಸಲ ನಮ್ಮ ಬಾಗಿಲಿಗೆ ಬಂದಿದ್ದರು. ಅದು ಈಗ ಬೇಡ.

ನಿನ್ನ ಕಾರ್ಡು ಬಂದ ಮೇಲೆ ನಿನ್ನೆ ಸಮಾಜದ ಸಭೆ ಸೇರಿಸಿದೆ. ಹದಿನಾಲ್ಕು ಜನ ಬಂದಿದ್ದರು. ಎದ್ದು ನಿಂತು, ನಾನು ಮುಖ ನೋಡಿರಲಿಲ್ಲ, ನಜೀರ್ ಅಹ್ಮದರ ಮೇಲೆ ಹೇಳಿದ್ದು ತಪ್ಪು ಎಂದೆ. ಗೋದಮ್ಮನವರು ಹೋಗಲಿ ಬಿಡು ಪಂಕಜ, ಮುಗಿದ ಮಾತು, ಈಗ ಕೆದಕಿ ಸಮಾಜದ ಮರ್ಯಾದೆ ಯಾಕೆ ಕಳೆಯುತ್ತೀ ಎಂದರು. ನಾನು ಕೇಳಲಿಲ್ಲ. ನಡಾವಳಿ ಪುಸ್ತಕದಲ್ಲಿ ನಾನೇ ಬರೆದು ಅವರಿಂದ ಸಹಿ ಮಾಡಿಸಿದೆ. ಅದರ ನಕಲು, ನಡತೆ ಪತ್ರ, ಬಲ್ಬಿನ ಅರ್ಜಿ ಮೂರೂ ಮೊಹರು ಹಾಕಿ ಇಟ್ಟಿದ್ದೇನೆ. ಪೊಲೀಸಿನವರಿಗೂ ಒಂದು ಪ್ರತಿ ಕೊಟ್ಟಿದ್ದೇನೆ. ನಮ್ಮ ಯಜಮಾನರು ನಿನ್ನೆಯಿಂದ ಮಾತಾಡುತ್ತಿಲ್ಲ. ಆ ಬೆನ್ನು ಯಾರದು, ಯಂತ್ರ ಎಲ್ಲಿ ಹೋಯಿತು, ಇವತ್ತಿಗೂ ಗೊತ್ತಿಲ್ಲ.

ಕೆಲಸ ಸಿಕ್ಕಿತೆಂದು ನೀನು ನನಗೆ ಬರೆಯಬೇಕಾಗಿಲ್ಲ. ಯಾರಿಂದಲಾದರೂ ತಿಳಿದುಕೊಳ್ಳುತ್ತೇನೆ.

ಅಕ್ಕ ಎನಿಸಿಕೊಳ್ಳುವ ಮುಖವಿಲ್ಲದ,
ಪಂಕಜಮ್ಮ

ತಾ. ಕ.: ಲಕೋಟೆಗೆ ಅಂಟು ಹಚ್ಚಿ ಮತ್ತೆ ಬಿಡಿಸಿದೆ. ಮೇಲೆ ಮೋಸ ಮಾಡಿತು ಎಂದು ಮನಸ್ಸಿನ ಮೇಲೆ ಹಾಕಿದ್ದೇನಲ್ಲ, ಅದು ಅರ್ಧ ನಿಜ. ಠಾಣೆಯಿಂದ ಬಿಟ್ಟ ಮರುದಿನ ಬೆಳಿಗ್ಗೆ ನಿಮ್ಮಣ್ಣ ಬಾಗಿಲಿಗೆ ಬಂದಿದ್ದು ಜಗಳಕ್ಕಲ್ಲ. ಚಪ್ಪಲಿ ಬಿಟ್ಟು ಮೆಟ್ಟಿಲ ಕೆಳಗೇ ನಿಂತು ಹೇಳಿದರು: 'ಅಮ್ಮಾರೆ, ನೀವು ಸುಳ್ಳು ಹೇಳೋರಲ್ಲ, ನಂಗೊತ್ತು. ಆದ್ರೆ ನೀವ್ ಹೇಳಿರೋ ಕಂಬ, ಎಡಗೈ ಎಲ್ಲಾ ಟೆಂಟ್‌ನಾಗೆ ಓಡ್ತಿರೋ ಪಿಚ್ಚರ್‌ನಾಗೈತೆ. ಜನರೇಟರ್ ತಾವ ನಿಂತ್ಕಂಡು ದಿನಾ ನೋಡ್ತೀನಿ. ಗುರುವಾರದ ಗಂಟ ಇರ್ತದೆ. ಇಂಟರ್ವಲ್ ಆದ್ಮೇಲೆ ಬತ್ತದೆ. ಒಂದ್ ಸಲ ನೋಡ್ಬುಟ್ಟು ನಿಮ್ಗೆ ಅನ್ಸಿದ್ದು ಹೇಳಿ, ಸಾಕು.' ನಾನು ಬಾಗಿಲು ಮುಂದೆ ಮಾಡಿ ಒಳಗೆ ಹೋದೆ.

ಗುರುವಾರ ಮೊದಲನೇ ಆಟಕ್ಕೆ ಒಬ್ಬಳೇ ಹೋದೆ. ಇಂಟರ್ವಲ್ ತನಕ ಕೂತಿದ್ದೆ. ಗಂಟೆ ಹೊಡೆದು ದೀಪ ಆರಿಸುವ ಮೊದಲು ಎದ್ದು ಬಂದುಬಿಟ್ಟೆ. ಅಲ್ಲಿ ಏನಿದೆ ಎಂದು ನನಗೆ ಆಗಲೇ ಗೊತ್ತಾಗಿತ್ತು. ಮೊನ್ನೆ ಮದ್ದೂರಿನಲ್ಲಿ ಬಲವಂತ ಮಾಡಿದವಳೂ ಪದ್ಮ ಅಲ್ಲ, ನಾನು.

ಆವತ್ತು ಹೊರಗೆ ಬರುವಾಗ ನಿಮ್ಮಣ್ಣ ಜನರೇಟರ್ ಪಕ್ಕ ಎಣ್ಣೆಬಟ್ಟೆ ಹಿಡಿದು ನಿಂತಿದ್ದರು. ನಾನು ಎದ್ದು ಹೋಗುವುದನ್ನು ನೋಡಿದರು. ದಾರಿ ಬಿಟ್ಟು ಪಕ್ಕಕ್ಕೆ ಸರಿದರು. ಈ ನೆನಪಿನಲ್ಲಿ ನಾನು ನನಗೆ ಎಲ್ಲೂ ಕಾಣುವುದಿಲ್ಲ ಸರ್ವರ್, ಅವರ ಮುಖ ಒಂದೇ ಕಾಣುತ್ತದೆ.