ಮೂರು ಹಿಡಿ ಮಣ್ಣು

ಪಟ್ಟಂದೂರು ಅಗ್ರಹಾರ
೮-೯-೧೯೯೭

ನನ್ನ ಮುದ್ದಿನ ಗಂಗೂಗೆ, ನಿನ್ನ ಅಮ್ಮ ಇಲ್ಲಿಂದಲೇ ತಲೆ ಸವರಿ ಬರೆಯುವುದು.

ನಿನ್ನ ಮಂಡಿನೋವು ಹೇಗಿದೆ? ಅಳಿಯಂದಿರಿಗೆ ರಾತ್ರಿ ಪಾಳಿ ತಪ್ಪಿತೇ? ರಾಯಚೂರಿನ ಬಿಸಿಲಿಗೆ ಮಜ್ಜಿಗೆ ಕುಡಿ, ಬಾಟಲಿಯ ಬಣ್ಣದ ನೀರು ಮುಟ್ಟಬೇಡ. ನಾನು ಚೆನ್ನಾಗಿದ್ದೇನೆ. ಇಲ್ಲಿ ಎಲ್ಲರೂ ನನ್ನನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅದೇ ನನಗೆ ಅನುಮಾನ. ಯಾವಾಗಲೂ ನನ್ನ ಕಾಗದ ಬರೆಯುವವಳು ಮೊಮ್ಮಗಳು ಸ್ಫೂರ್ತಿ. ಈ ಸಲ ಅವಳಿಗೆ ಕೊಟ್ಟಿಲ್ಲ, ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಕಲಿತ ಅಕ್ಷರಗಳನ್ನು ಹುಡುಕಿ ಹುಡುಕಿ, ಚಿಲಕ ಹಾಕಿಕೊಂಡು ನಾನೇ ಬರೆಯುತ್ತಿದ್ದೇನೆ. ಆಗಲೇ ಸೊಸೆ ಬಂದು "ಅತ್ತೇ, ಒಳಗೇನ್ ಮಾಡ್ತಿದೀರಾ?" ಅಂದಳು. ಜಪ ಎಂದೆ.

ನಿನ್ನ ತಮ್ಮ ಗೋಪಾಲನ ವಿಷಯ ಹೇಳಬೇಕು. ಕೆರೆ ಕಡೆಯ ಹೊಲವನ್ನು ಕಂಪ್ಯೂಟರ್ ಕಂಪನಿಯವರಿಗೆ ಕೊಡುವಾಗ "ಅಪ್ಪನ್ನ ಮಣ್ಣು ಮಾಡಿದ ಮೂಲೆ ಬಿಟ್ಟೇ ಕೊಡ್ತೀನಮ್ಮಾ, ನಿನ್ನಾಣೆ" ಎಂದಿದ್ದ. ಆಮೇಲೆ ನಾನು ಆ ಕಡೆ ಹೋಗೋಣ ಎಂದಾಗಲೆಲ್ಲ ಒಂದೊಂದು ನೆಪ. ಒಮ್ಮೆ ಕೆಸರು, ಒಮ್ಮೆ ಹಾವು, ಒಮ್ಮೆ ಕಾರು ರಿಪೇರಿ. ನನ್ನ ಬಾಯಿ ಮುಚ್ಚಿಸಲೆಂದೋ ಏನೋ ಹೊಸ ಸೀರೆ ಬಂತು, ಹಾಲಿಗೆ ಬೂಸ್ಟ್ ಬಂತು. ಶ್ರಾವಣದಲ್ಲಿ ಒಂದು ದಿನ ಕೈಹಿಡಿದು ಮನೆಯ ಹಿಂದಿನ ಬಾವಿಯ ಹತ್ತಿರ ಕರೆದುಕೊಂಡು ಹೋದ. ನೋಡಿದರೆ ಕರೀ ಗ್ರಾನೈಟಿನ ಸಮಾಧಿ. ನಾನು ಇಷ್ಟು ವರ್ಷ ಬಾಯಿಬಿಟ್ಟು ಹೇಳದ ನಿಮ್ಮಪ್ಪನ ಹೆಸರು ಅದರ ಮೇಲೆ ಚಿನ್ನದ ಬಣ್ಣದಲ್ಲಿ! "ಅಪ್ಪನ್ನ ಮನೆಗೇ ಕರ್ಕೊಂಡ್ಬಂದ್ಬಿಟ್ಟೆ ಕಣಮ್ಮಾ. ಮೂರು ಹಿಡಿ ಮಣ್ಣು ನನ್ನ ಕೈಯಾರೆ ತಂದು ಹಾಕಿದೀನಿ. ಪಕ್ಕದಲ್ಲೇ ನಿನಗೂ ಜಾಗ ಬಿಟ್ಟಿದೀನಿ" ಎಂದ. ಹಿರಿಯರ ಜಾಗ ಬದಲಾಯಿಸಬೇಕಾದರೆ ಹೊಟ್ಟೆಯಲ್ಲಿ ಹುಟ್ಟಿದವರು ಹಳೆಯ ಗುಡ್ಡೆಯಿಂದ ಮೂರು ಹಿಡಿ ಮಣ್ಣು ತಂದು ಹಾಕುವುದು ನಮ್ಮಲ್ಲಿ ಪದ್ಧತಿ ತಾನೇ. ನನಗೆ ಕಣ್ಣು ತುಂಬಿತು, ಸುಳ್ಳೇಕೆ ಹೇಳಲಿ. ಆದರೆ ಅನುಮಾನ ಹೋಗಲಿಲ್ಲ. ಮೂಲೆಯನ್ನೂ ಸೇರಿಸಿ ಮಾರಿಬಿಟ್ಟು, ಯಾವುದೋ ಸೈಟಿನ ಮಣ್ಣು ತಂದು ಸುರಿದು ನನ್ನನ್ನು ಯಾಮಾರಿಸುತ್ತಿದ್ದಾನೆ ಎಂದುಕೊಂಡೆ.

ಈ ಅನುಮಾನದ ಬುದ್ಧಿ ನನಗೆ ಸುಮ್ಮನೆ ಬಂದದ್ದಲ್ಲ. ಹದಿಮೂರು ವರ್ಷಕ್ಕೆ ಮದುವೆ ಮಾಡುವಾಗ ಗಂಡು ಒಳ್ಳೇ ಆಳೆತ್ತರ ಎಂದರು. ಹಸೆಮಣೆಯ ಮೇಲೆ ನಿಂತರೆ ನಿಮ್ಮಪ್ಪ ನನ್ನ ಭುಜಕ್ಕೆ ಬರುತ್ತಿದ್ದರು. ಪ್ಲೇಗು ಬಂದಾಗ ಒಂದು ವಾರ ಅಷ್ಟೇ ಎಂದು ಊರು ಬಿಡಿಸಿದರು. ಹೊಲದ ಗುಡಿಸಲಿನಲ್ಲೇ ನೀನು ಹುಟ್ಟಿ ಅಂಬೆಗಾಲಿಟ್ಟೆ. ನಿಮ್ಮಪ್ಪ ಹೋದ ಮೇಲೆ ನಾನೇ ನೇಗಿಲು ಹಿಡಿದೆ. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಓಡಿಹೋಗುತ್ತದೆ ಎಂದು ಊರೇ ಕೂಗಾಡಿತು. ಆ ವರ್ಷ ಕೆರೆ ಕೋಡಿ ಹರಿಯಿತು. ಇಷ್ಟೆಲ್ಲ ನೋಡಿದವಳು ಯಾರ ಮಾತನ್ನು ನಂಬಲಿ ಹೇಳು. ನಿಮ್ಮಪ್ಪನ ಮಾತೊಂದನ್ನು ನಂಬುತ್ತಿದ್ದೆ. ಕುಳ್ಳಗಿದ್ದರೂ ಒಂದು ದಿನ ನನ್ನ ಮೇಲೆ ಕೈ ಎತ್ತಿದವರಲ್ಲ. ಅವರ ಪಕ್ಕದಲ್ಲಿ ಮಲಗಬೇಕು ಎನ್ನುವುದು ಬಿಟ್ಟರೆ ಈಗ ನನಗೆ ಬೇರೆ ಆಸೆಯೇ ಉಳಿದಿಲ್ಲ.

ಹೋದ ವಾರ ತಡೆಯಲಾರದೆ ಗೋಪಾಲನನ್ನು ಕೇಳಿಯೇಬಿಟ್ಟೆ, ಆ ಮೂರು ಹಿಡಿ ಮಣ್ಣಿಗೆಂದು ಅಗೆದಾಗ ಏನು ಸಿಕ್ಕಿತು ಎಂದು. ಅವನಿಗೆ ಬೇಜಾರಾಯಿತು. "ನನ್ ಮೇಲೂ ಅನುಮಾನಾನಾ?" ಎಂದವನು, ಅಲ್ಲಿ ಅಗೆದುಕೊಟ್ಟ ಮೇಸ್ತ್ರಿ ಭೀಮಪ್ಪ ಹೇಳಿದ್ದನ್ನು ಹೆಮ್ಮೆಯಿಂದ ಹೇಳಿದ. "ನಿಮ್ಮಪ್ಪಾರು ಭಾರಿ ಆಳು ಇದ್ರು ನೋಡ್ರಿ ಅಣ್ಣಾರ, ತೊಡಿ ಎಲಬು ಎಷ್ಟ್ ದಪ್ಪ ಐತಿ!" ಎಂದನಂತೆ. ನನ್ನ ಭುಜಕ್ಕೆ ಬರುತ್ತಿದ್ದ ಮನುಷ್ಯ ಮಣ್ಣಿನೊಳಗೆ ಬೆಳೆದರೇ? ಇನ್ನೂ ನಂಬಲಿಲ್ಲವೆಂದು ಗೋಪಾಲ ದೇವರ ಗೂಡಿನಿಂದ ಒಂದು ಗಂಟೆ ತಂದು ನನ್ನ ಮಡಿಲಲ್ಲಿಟ್ಟ. ಅಲ್ಲೇ ಸಿಕ್ಕಿತಂತೆ, ಅಪ್ಪನ ಪೂಜೆಯ ಗಂಟೆಯಂತೆ. ಹುಣಸೇಹಣ್ಣು ಹಾಕಿ ಬೆಳಗಿ, ದಿನಾ ಬೆಳಗ್ಗೆ ಮಂಗಳಾರತಿಗೆ ಬಾರಿಸುತ್ತಾನೆ. ಆ ಸದ್ದು ಕೇಳಿದಾಗಲೆಲ್ಲ ನಾನೇಕೆ ಹಳೇ ಕೊಟ್ಟಿಗೆಯ ಕಡೆ ತಿರುಗಿ ನೋಡುತ್ತಿದ್ದೆ ಎಂದು ಆಗ ಗೊತ್ತಾಯಿತು.

ಗಂಗೂ, ಅದು ನಮ್ಮ ಎತ್ತು ಕೆಂಚನ ಕೊರಳ ಗಂಟೆ.

ನಿನಗೆ ನೆನಪಿರಲೇಬೇಕು. ಕೆಂಚ ಸತ್ತಾಗ ನಿಮ್ಮಪ್ಪನೇ ಗುಂಡಿ ತೆಗೆದು, ಹೊಲದಲ್ಲಿ ಅಷ್ಟು ದೊಡ್ಡ ಕಲ್ಲು ನೆಟ್ಟರು. ಗಂಟೆ ಬಿಚ್ಚಲು ಹೋದರೆ "ಇರ್ಲಿ ಬುಡು, ಗಂಟೆ ಇಲ್ದಿದ್ರೆ ಅವ್ನು ನಡಿಯಾಕಿಲ್ಲ" ಎಂದು ಅತ್ತರು. ಮುಂದಿನ ವರ್ಷ ಅವರೇ ಹೋದರು. ಅವರಿಗೆ ಕಲ್ಲು ನೆಡುವ ಗಂಡಸು ಮನೆಯಲ್ಲಿರಲಿಲ್ಲ. ಇನ್ನೊಂದು ಮೂಲೆಯಲ್ಲಿ, ತಲೆಯ ಹತ್ತಿರ, ನಾನು ಹೊಂಗೆ ಸಸಿ ನೆಟ್ಟೆ. ಹನ್ನೊಂದು ವರ್ಷದ ನೀನು ಅದಕ್ಕೆ ಚೊಂಬಿನಲ್ಲಿ ನೀರು ಹೊತ್ತೆ. ಗೋಪಾಲನಿಗೆ ಆಗ ಮೂರು ವರ್ಷ. ಆಮೇಲೆ ಓದಿಗೆಂದು ಹೊಸಕೋಟೆಯಲ್ಲಿ ನಿಮ್ಮ ಸೋದರಮಾವನ ಮನೆಯಲ್ಲೇ ಬೆಳೆದ. ಸಂಕ್ರಾಂತಿಗೆ ಬಂದಾಗ ನಾವು ಆ ಕಲ್ಲಿಗೆ ಅರಿಶಿನ ಕುಂಕುಮ ಹಚ್ಚುವುದನ್ನು ನೋಡಿ, ಅಪ್ಪ ಅಲ್ಲಿದ್ದಾರೆ ಎಂದುಕೊಂಡಿದ್ದಾನೆ. ಪಿತೃಪಕ್ಷದ ಎಡೆಯನ್ನು ನಾವು ಮನೆಯಲ್ಲೇ ಇಡುತ್ತಿದ್ದೆವಲ್ಲ, ಅವನಿಗೆ ತೋರಿಸಿಕೊಡುವ ಸಂದರ್ಭವೇ ಬರಲಿಲ್ಲ.

ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ, ಆಮೇಲೆ ಅತ್ತೆ. ಕಳ್ಳನೆಂದುಕೊಂಡಿದ್ದ ಮಗ ಕಳ್ಳನಲ್ಲ, ಅದೇ ಸಮಾಧಾನ. ಪಾಪ, ಪ್ರತಿ ಸೋಮವಾರ ಹೂವಿಟ್ಟು ಆ ಗ್ರಾನೈಟಿಗೆ ಅಡ್ಡಬೀಳುತ್ತಾನೆ. ಇದುವರೆಗೆ ಅಡ್ಡಬಿದ್ದದ್ದು ಎತ್ತಿಗೆ ಎಂದು ಯಾವ ಬಾಯಲ್ಲಿ ಹೇಳಲಿ? ನೀನೂ ಹೇಳಬೇಡ. ಮೊನ್ನೆ ಮಾರಮ್ಮನ ಗುಡಿಗೆ ಎಂದು ಹೇಳಿ ಒಬ್ಬಳೇ ಹೋಗಿ ನೋಡಿಬಂದೆ. ಕೆಂಚನ ಕಲ್ಲಿದ್ದ ಮೂಲೆಯನ್ನು ಅವನು ನಿಜವಾಗಿಯೂ ಮಾರಿಲ್ಲ, ಅದು ರಸ್ತೆಗೆ ಹೋಗಿದೆ, ಅದಕ್ಕೇ ಅಷ್ಟೆಲ್ಲ ನೆಪ. ನಿಮ್ಮಪ್ಪನ ಹೊಂಗೆ ಮರ ಕಂಪನಿಯ ಕಾಂಪೌಂಡಿನ ಹೊರಗೆ ಹಾಗೇ ಇದೆ, ನೆರಳಿನಲ್ಲಿ ಆಟೋಗಳು ನಿಂತಿವೆ. ನಾನು ಅಲ್ಲಿ ನಿಂತದ್ದನ್ನು ನೋಡಿ ಒಬ್ಬ "ಎಲ್ಲಿಗಜ್ಜಿ?" ಎಂದ. ಎಲ್ಲಿಗೂ ಇಲ್ಲಪ್ಪಾ ಎಂದೆ.

ಅಳಿಯಂದಿರಿಗೂ ಮಕ್ಕಳಿಗೂ ನನ್ನ ಆಶೀರ್ವಾದ ಮುಟ್ಟಿಸು. ಮುತ್ತೈದೆಯಾಗಿ ನೂರು ಕಾಲ ಬಾಳು. ಈ ಕಾಗದವನ್ನು ಓದಿ ಒಲೆಗೆ ಹಾಕು.

ನಿನ್ನ ಅಮ್ಮ,
ವೆಂಕಟಮ್ಮ

ಮರೆತಿದ್ದೆ: ಮಹಾಲಯ ಅಮಾವಾಸ್ಯೆಗೆ ಎರಡು ದಿನ ಮೊದಲೇ ಬಾ. ಯಾರು ಕೇಳಿದರೂ ಮಂಡಿ ತೋರಿಸಲು ಬಂದೆ ಎನ್ನು. ಹೆಂಡತಿಯ ಕೈಯ ಮಣ್ಣು ನಡೆಯುವುದಿಲ್ಲ, ಮಗಳದು ನಡೆಯುತ್ತದೆ. ಹೊಂಗೆ ಬುಡದಿಂದ ಮೂರು ಹಿಡಿ ತಾ. ಆಟೋದವರು ಕೇಳಿದರೆ ತುಳಸಿ ಕುಂಡಕ್ಕೆ ಎನ್ನು. ಗೋಪಾಲ ಸ್ನಾನಕ್ಕೆ ಹೋದಾಗ ಗ್ರಾನೈಟಿನ ಪಕ್ಕದಲ್ಲಿ ಹಾಕಿಬಿಡೋಣ. ಕೆಂಚನನ್ನು ಎಬ್ಬಿಸುವುದು ಬೇಡ, ಅವನೂ ಅಲ್ಲೇ ಇರಲಿ, ಅವನ ಎಡೆಗೆ ನಾನು ಹುರುಳಿ ನೆನೆಸಿರುತ್ತೇನೆ. ಆದರೆ ತಡ ಮಾಡಬೇಡ ಮಗಳೇ. ನಾನು ಆ ಜಾಗಕ್ಕೆ ಹೋಗುವಷ್ಟರಲ್ಲಿ ನಿಮ್ಮಪ್ಪ ಅಲ್ಲಿಗೆ ಬಂದಿರಬೇಕು.