ಅಲಮಾರಿಯ ಮೇಲಿನ ಪೊರಕೆ

ಹದಿನಾಲ್ಕನೇ ತಾರೀಖು, ಶುಕ್ರವಾರ

ಅಕ್ಷರ ಸೊಟ್ಟಗಿದೆ, ಕಾಗುಣಿತವೂ ತಪ್ಪಿರಬಹುದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟ ಕೈ ಇದು, ಕ್ಷಮೆಯಿರಲಿ.

ಅಕ್ಕನ ಕಣ್ಣಿನ ಆಪರೇಷನ್ನಿಗೆ ನಾಳೆ ಹೊರಡುತ್ತೇವೆ. ಮೂರು ದಿನ ನಮ್ಮ ನಾಯಿ ಬೂದನ ಜೊತೆ ಮನೆಯಲ್ಲೇ ಉಳಿಯಲು ಒಬ್ಬ ಹೆಂಗಸು ಬರುತ್ತಾರೆ. ಹಾಸಿಗೆಗೆ ಒಗೆದ ಹೊದಿಕೆ ಹಾಕಿದೆ, ಬಚ್ಚಲು ತಿಕ್ಕಿದೆ, ಬೂದನ ಊಟದ ಹೊತ್ತನ್ನು ಚೀಟಿಯಲ್ಲಿ ಬರೆದೆ. ಆಮೇಲೆ ಪೊರಕೆಯನ್ನು ಅಲಮಾರಿಯ ಮೇಲೆ ಬಚ್ಚಿಟ್ಟೆ.

ಅಕ್ಕ ನೋಡಿಬಿಟ್ಟಳು. "ಏನೇ, ಅವರು ಕಸ ಕೈಯಲ್ಲಿ ಬಳೀಬೇಕಾ?"

"ಪೊರಕೆ ಎತ್ತಿದ್ರೆ ಇವನು ಮಂಚದ ಕೆಳಗೆ ಹೋಗಿ ನಡುಗ್ತಾನೆ ಕಣಕ್ಕಾ. ಯಾರು ಹೊಡೆದಿದ್ದು ಅಂತ ಗೊತ್ತಾಗಿಬಿಡುತ್ತೆ."

"ನಾಯಿ ಹೋಗಿ ಚಾಡಿ ಹೇಳುತ್ತಾ?" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಹೊಲಿಯಲು ತಂದಿದ್ದ ಗಿರಾಕಿಯ ಅಂಗಿಯನ್ನು ಬೂದ ಹರಿದ ದಿನ ಒಂದೇ ಸಲ ಹೊಡೆದೆ ಎಂದು ಇಲ್ಲಿ ಬರೆಯಲು ಹೊರಟಿದ್ದೆ. ಒಂದೇ ಸಲವಲ್ಲ. ನಾನು ಕೆಲಸ ಮಾಡುವ ಹೊಲಿಗೆ ಅಂಗಡಿಯ ಯಜಮಾನಿ ಬೈದಾಗಲೆಲ್ಲ ಆ ಸಿಟ್ಟನ್ನು ಅವನ ಬೆನ್ನ ಮೇಲೆ ತೀರಿಸಿಕೊಂಡೆ.

ಪೊರಕೆಯನ್ನು ಕೆಳಗಿಳಿಸಿದೆ. ಚೀಟಿಯ ಕೊನೆಗೆ, "ಇವನೆದುರು ಪೊರಕೆ ಎತ್ತಬೇಡಿ. ನಾನು ಹೊಡೆದಿದ್ದೇನೆ" ಎಂದು ಬರೆದೆ. ನಾಳೆ ಆಕೆ ಅದನ್ನು ಓದುವಾಗ ಮುಖ ಎಲ್ಲಿಟ್ಟುಕೊಳ್ಳಲಿ?

ಆಮೇಲೆ ಪೊರಕೆ ಮುಟ್ಟದೆ, ಮಂಡಿಯೂರಿ ಒದ್ದೆ ಬಟ್ಟೆಯಲ್ಲೇ ನೆಲ ಒರೆಸಿದೆ. ಬೂದ ಮಂಚದ ಕೆಳಗಿಂದ ಮೂಗಷ್ಟೇ ಹೊರಗಿಟ್ಟು ನೋಡುತ್ತಿದ್ದ.