ಅದೇ ಔಷಧಿ, ಬೇರೆ ಪೆಟ್ಟಿಗೆ

ಜೂನ್ 4, ಮಧ್ಯಾಹ್ನ

ಮೆಡಿಕಲ್ ಶಾಪಲ್ಲಿ ಇವತ್ತೂ ಸ್ಟಾಕ್ ಜೋಡಿಸೋದೇ. ಬಿ.ಪಿ. ಎಡಗಡೆ, ಶುಗರ್ ಬಲಗಡೆ, ಕೆಮ್ಮಿನ ಸಿರಪ್ ಕೆಳಗೆ. ಫಾರ್ಮಸಿ ಫಸ್ಟ್ ಇಯರ್ ಅಂದ್ರೆ ಇಷ್ಟೇ— ಎತ್ತು, ಒರೆಸು, ಇಡು. ಓನರ್‌ಗೆ ನನ್ನ ಹೆಸರು ಬೇಕಾಗಿಲ್ಲ. "ಏಯ್ ಫಸ್ಟಿಯರ್" ಅಂತಾರೆ. ತಿಂಗಳ ಕೊನೆಗೆ ಅವರು ಸೈನ್ ಹಾಕಿದ್ರೆ ಟ್ರೈನಿಂಗ್ ಮುಗೀತು. ಹಾಕದಿದ್ರೆ ರಜೆ ಪೂರ್ತಿ ಇನ್ನೊಂದು ಅಂಗಡೀಲಿ, ಮೊದಲಿಂದ. ಅದಕ್ಕೇ ಬಾಯಿಗೆ ಬೀಗ. ಐದನೇ ಕ್ಲಾಸಿಂದ ಹಾಸ್ಟೆಲ್ ನಾನು. ಬಾಯಿ ಮುಚ್ಕೊಂಡಿರೋದ್ರಲ್ಲಿ ಗೋಲ್ಡ್ ಮೆಡಲ್.

ಜೂನ್ 6

ಇಲ್ಲಿನ ಸ್ಕೂಲಿನ ಡ್ರಿಲ್ ಮೇಷ್ಟ್ರು ಬಂದಿದ್ರು. ರಿಟೈರ್ ಆಗಿ ಎಷ್ಟೋ ಕಾಲ, ಈಗಲೂ ಅಂಗಡಿ ಮೆಟ್ಟಿಲು ಹತ್ತೋದು ಲೆಫ್ಟ್-ರೈಟ್ ಅಂತಲೇ. ಡಾಕ್ಟರ ಹೊಸ ಚೀಟಿ ತಂದಿದ್ರು, ಶುಗರ್ ಮಾತ್ರೆ ಬೇಕಿತ್ತು. ಮನೇಲಿ ಇನ್ನೂ ಒಂದಿಷ್ಟಿದೆ, ಮುಗಿಯೋಕೆ ಮುಂಚೆ ತಗೊಂಡಿರ್ತೀನಿ ಅಂದ್ರು. ಡಾಕ್ಟರ್ ಬರೆದಿದ್ದ ಕಂಪನಿದು ನಮ್ಮಲ್ಲಿ ಖಾಲಿ. ಓನರ್ ಬೇರೆ ಕಂಪನಿದು ಕವರ್‌ಗೆ ಹಾಕಿ ಕೊಟ್ಟೇಬಿಟ್ರು. ಹಳದಿ ಪೆಟ್ಟಿಗೆ, ಹಳದಿ ಮಾತ್ರೆ ಬದಲು ಬಿಳಿ ಪೆಟ್ಟಿಗೆ, ಬಿಳಿ ಮಾತ್ರೆ. ಹೆಸರು ಬೇರೆ, ಒಳಗಿರೋದು ಅದೇ.

ಮೆಲ್ಲಗೆ ಅಂದೆ— "ಸರ್, ಬದಲಾಯಿಸಿದೀವಿ ಅಂತ ಹೇಳ್ಬೇಕಲ್ವಾ..."

"ಅದೇ ಔಷಧಿ, ಅದೇ ಪವರ್. ಹೇಳಿದ್ರೆ ಡೂಪ್ಲಿಕೇಟ್ ಅಂತಾರೆ, ವಾಪಸ್ ತರ್ತಾರೆ. ಅವ್ರು ಮೇಷ್ಟ್ರು ಕಣಮ್ಮಾ, ಓದೋಕೆ ಬರತ್ತೆ."

ಅದೇ ಔಷಧಿ, ನಿಜ. ಇಂಥ ಅಗ್ಗದ ಜೆನೆರಿಕ್ ಕಂಡ್ರೆ ನಂಗೇನೂ ಕೋಪ ಇಲ್ಲ. ಅಜ್ಜಿಗೆ ನಾನೇ ಹಟ ಮಾಡಿ ಅದನ್ನೇ ಕೊಡಿಸಿದ್ದು. ಆದ್ರೆ ಕ್ಲಾಸಲ್ಲಿ ಹೇಳಿದ್ದು ಅಷ್ಟೇ ಅಲ್ವಲ್ಲ. ಬ್ರ್ಯಾಂಡ್ ಹೆಸರು ಬರೆದಿದ್ರೆ ಡಾಕ್ಟರ್‌ನ ಕೇಳು, ಪೇಷಂಟ್‌ಗೆ ಹೇಳು, ಆಮೇಲೆ ಬದಲಾಯಿಸು. ಓನರ್ ಮೊದಲಿನದ್ದೆಲ್ಲ ಹಾರಿಸಿ ಕೊನೇ ಪದ ಮಾತ್ರ ಇಟ್ಕೊಂಡಿದಾರೆ.

ಇದನ್ನ ಜೋರಾಗಿ ಹೇಳಿದ್ನಾ? ಇಲ್ಲ. ಉಗುರು ಕಚ್ಚಿದೆ.

ಜೂನ್ 7

ಒಬ್ಬರು ಅಜ್ಜನಿಗೆ "ತಾತಾ, ಇದು ಹಳೇದರ ಬದಲು..." ಅಂತ ಶುರು ಮಾಡಿದೆ. ಬಿಲ್ಲಿಂಗ್ ಅಕ್ಕ ಕೌಂಟರ್ ಕೆಳಗೆ ಕಾಲು ತುಳಿದ್ರು. "ಇಲ್ಲಿ ಕಂಪ್ಯೂಟರ್ ಕೂಡ ಮ್ಯೂಟಲ್ಲಿದೆ ಪುಟ್ಟಾ. ನಿಂಗ್ಯಾಕೆ ಸೌಂಡು?"

ನಗು ಬಂತು. ಅರ್ಧಕ್ಕೇ ನಿಲ್ಲಿಸಿ ತಾತನಿಗೆ ಕವರ್ ಕೊಟ್ಟು ಕಳಿಸಿದೆ.

ಜೂನ್ 13, ಸಂಜೆ

ಬಸ್ಸಲ್ಲೇ ಕೂತು ಬರೀತಿದೀನಿ. ಅಕ್ಷರ ನೋಡಿದ್ರೇ ಗೊತ್ತಾಗತ್ತೆ.

ಮೇಷ್ಟ್ರ ಸೊಸೆ ಬಂದ್ರು. ತಲೆ ಕೆದರಿ, ಕೈಯಲ್ಲಿ ಮಾತ್ರೆ ಡಬ್ಬಿ. ಮಾವ ಬಚ್ಚಲಲ್ಲಿ ಬಿದ್ದುಬಿಟ್ರಂತೆ. ಮೈಯೆಲ್ಲ ಬೆವರು, ತೊದಲು ಮಾತು. ಆಸ್ಪತ್ರೆಲಿ ಶುಗರ್ ಪಾತಾಳಕ್ಕೆ ಇಳಿದಿದೆ ಅಂದ್ರಂತೆ. "ಊಟ ಸರಿಯಾಗಿ ಮಾಡಲ್ಲ ಅಂತ ನಾನೇ ಬೈದುಬಿಟ್ಟೆ ಅಣ್ಣಾ. ಏನೇನು ತಗೋತಾರೆ ಅಂತ ಡಾಕ್ಟರ್ ಕೇಳ್ತಿದಾರೆ."

ಡಬ್ಬಿ ತೆಗೆದ್ರು. ಬೆಳಗಿನ ಖಾನೆಲಿ ಹಳದಿದೂ ಇದೆ, ಬಿಳಿದೂ ಇದೆ. ಡಾಕ್ಟರ್ ಹೊಸದೊಂದು ಸೇರಿಸಿದಾರೆ ಅಂದ್ಕೊಂಡು ಮೇಷ್ಟ್ರೇ ನೀಟಾಗಿ ಎರಡೂ ತುಂಬಿದಾರೆ ಪಾಪ. ಒಂದು ವಾರ, ದಿನಾ ಡಬಲ್ ಡೋಸ್.

ಓನರ್ ನೋಡಿದ ತಕ್ಷಣ ಅರ್ಥ ಆಯ್ತು. ಮುಖ ಬಿಳಿಚಿಕೊಳ್ತು. ಆದ್ರೆ ಬಾಯಿಂದ ಬಂದಿದ್ದು— "ಈ ಬಿಳಿದು ನಂಗೆ ಕೊಡಮ್ಮಾ. ಹಳೇದೇ ಬಂದಿದೆ, ಬದಲಾಯಿಸಿ ಕೊಡ್ತೀನಿ." ಡಬ್ಬಿಯಿಂದ ಬಿಳಿ ಮಾತ್ರೆ ಎಲ್ಲ ಆರಿಸಿಕೊಂಡ್ರು. ಯಾಕೆ ಅಂತ ಹೇಳ್ಲಿಲ್ಲ. ಸೊಸೆ ಥ್ಯಾಂಕ್ಸ್ ಬೇರೆ ಹೇಳಿ ಹೊರಟ್ರು!

ಮನೇಲಿ ಇನ್ನೊಂದು ಸ್ಟ್ರಿಪ್ ಇದ್ರೆ? ಆಸ್ಪತ್ರೆಲಿ ಏನು ಹೇಳ್ತಾರೆ? ಊಟ ಬಿಟ್ರು ಅಂತಾನಾ?

ಓಡಿದೆ. ಏಪ್ರನ್ ಹಾಕ್ಕೊಂಡೇ. ಬಸ್ ಸ್ಟಾಪ್ ಹತ್ರ ಸಿಕ್ರು.

"ಅಕ್ಕಾ, ಎರಡೂ ಒಂದೇ ಔಷಧಿ. ಹೆಸರು ಮಾತ್ರ ಬೇರೆ. ನಮ್ಮ ಅಂಗಡಿಯವರೇ ಬದಲಾಯಿಸಿ ಕೊಟ್ಟಿದ್ದು, ನಿಮಗೆ ಹೇಳ್ಲಿಲ್ಲ. ಡಾಕ್ಟರ್‌ಗೆ ಹೀಗೇ ಹೇಳಿ. ಬಿಳಿದು ಮನೇಲಿ ಉಳಿದಿದ್ರೆ ಎತ್ತಿಡಿ, ಡಾಕ್ಟರ್‌ಗೇ ತೋರಿಸಿ."

 ಅವರು ಸೆರಗಲ್ಲಿ ಮುಖ ಒರೆಸ್ಕೊಂಡ್ರು. "ಹಂಗಾದ್ರೆ ಊಟದ್ದಲ್ವಾ... ಸುಮ್ಸುಮ್ನೆ ಬೈದ್ನಲ್ಲಾ ನಾನು."

ವಾಪಸ್ ಬಂದಾಗ ಓನರ್ ಶಟರ್ ಹತ್ರನೇ ನಿಂತಿದ್ರು, ಬಸ್ ಸ್ಟಾಪ್ ಕಾಣೋ ಹಾಗೆ. "ಹದಿನೆಂಟು ವರ್ಷದ ಅಂಗಡಿ ಇದು. ನಿನ್ನ ಒಂದು ನಾಲಿಗೆಯಿಂದ ಮುಚ್ಚಿಸ್ತೀಯಾ? ನಾಳೆಯಿಂದ ಬರ್ಬೇಡ."

ಜೂನ್ 14

ಅಮ್ಮನಿಗೆ ಫೋನ್ ಮಾಡಿದೆ. "ನಿಂಗ್ಯಾಕೆ ಬೇಕಿತ್ತು ಊರ ಉಸಾಬರಿ?" ಅಂತ ಶುರು. ಆಮೇಲೆ ಅವರೇ ಕೇಳಿದ್ರು. "ಮೇಷ್ಟ್ರು ಹೇಗಿದಾರೆ?" ಗೊತ್ತಿಲ್ಲ ಅಂದೆ. "ವಿಚಾರಿಸು ಮತ್ತೆ, ಅರ್ಧಕ್ಕೆ ಬಿಡ್ಬೇಡ."

ವಿಚಾರಿಸಿದೆ. ಎದ್ದು ಕೂತಿದಾರೆ. ನರ್ಸ್‌ಗೆ ಬೆನ್ನು ನೆಟ್ಟಗೆ ಇಟ್ಕೋ ಅಂತ ಬೈತಿದಾರಂತೆ.

ಜೂನ್ 19, ಕಾಲೇಜ್ ಕಾರಿಡಾರ್

ಕಾಲೇಜಿನ ಟ್ರೈನಿಂಗ್ ಸರ್ ರಾಜಿ ಮಾಡ್ಸೋಕೆ ಅಂಗಡಿಗೆ ಕರ್ಕೊಂಡು ಹೋಗಿದ್ರು. ದಾರಿಯುದ್ದಕ್ಕೂ ಒಂದೇ ಉಪದೇಶ. "ನಂಗೆ ಸರಿಯಾಗಿ ಗೊತ್ತಿರ್ಲಿಲ್ಲ, ತಪ್ಪು ತಿಳ್ಕೊಂಡು ಹೇಳ್ಬಿಟ್ಟೆ ಅನ್ನು. ಅಷ್ಟೇ. ಸೈನ್ ಹಾಕ್ತಾರೆ." ಹೂಂ ಅಂದೆ. ಮನಸ್ಸಲ್ಲೇ ಪ್ರಾಕ್ಟೀಸ್ ಕೂಡ ಮಾಡ್ಕೊಂಡೆ.

ಕೌಂಟರಲ್ಲಿ ಗಿರಾಕಿಗಳಿದ್ರು. ಓನರ್ ಪೆನ್ ತೆಗೆದು ರೆಡಿ. "ಹೇಳಮ್ಮಾ, ಎಲ್ಲರ ಮುಂದೇನೇ ಹೇಳು."

ಪ್ರಾಕ್ಟೀಸ್ ಮಾಡಿದ್ದು ಒಂದು, ಬಾಯಿಗೆ ಬಂದಿದ್ದು ಇನ್ನೊಂದು. 

"ಗೊತ್ತಿದ್ದೇ ಹೇಳಿದ್ದು ಸರ್. ಅಗ್ಗದ್ದು ಕೊಟ್ಟಿದ್ದು ತಪ್ಪಲ್ಲ. ಹೇಳದೇ ಕೊಟ್ಟಿದ್ದು ತಪ್ಪು. ನಾಳೆನೂ ಹೀಗೇ ಹೇಳ್ತೀನಿ."

ಟ್ರೈನಿಂಗ್ ಸರ್ ಫ್ಯಾನ್ ನೋಡಿದ್ರು. ಓನರ್ ಪೆನ್ ಜೇಬಿಗೆ ಹಾಕ್ಕೊಂಡ್ರು. ಸೈನ್ ಇಲ್ಲ. ರಜೆ ಹೋಯ್ತು. ಆದ್ರೂ ಜಾಗ ಬಿಟ್ಟು ಅಲ್ಲಾಡ್ಲಿಲ್ಲ.

ಆಗ ಕೌಂಟರಲ್ಲಿದ್ದ ಒಬ್ಬರು ಹೆಂಗಸು ಕೈಲಿದ್ದ ಕವರ್ ತೆಗೆದು ಓನರ್ ಮುಂದೆ ಇಟ್ರು. "ಹಂಗಾದ್ರೆ ನಂದು? ಇದು ಯಾವುದರ ಬದಲು?"

ಓನರ್ ನನ್ನ ಕಡೆ ನೋಡಿದ್ರು.  ಅವರೇ ಹೇಳ್ಲಿ ಅಂತ ಕಾದೆ. ಬಿಲ್ಲಿಂಗ್ ಅಕ್ಕನ ಕೈ ಕೀಬೋರ್ಡ್ ಮೇಲೆ ನಿಂತೇಬಿಡ್ತು. ಓನರ್ ಕನ್ನಡಕ ಹಾಕ್ಕೊಂಡ್ರು, ಸ್ಟ್ರಿಪ್ ತಿರುಗಿಸಿದ್ರು, ಕೆಮ್ಮಿದ್ರು. "ನೋಡಮ್ಮಾ, ಇದು ಡಾಕ್ಟರ್ ಬರೆದಿದ್ದರ ಬದಲು—"

ಟ್ರೈನಿಂಗ್ ಸರ್ ಆಫೀಸ್ ಒಳಗಿಂದ ಕರೀತಿದಾರೆ. ನನ್ನನ್ನ ಬೇರೆ ಅಂಗಡಿಗೆ ಹಾಕ್ತಾರೇನೋ. ಹಾಕ್ಲಿ. ಅಲ್ಲೂ ನಾನು ಹೇಳಿಯೇ ಕೊಡೋದು.